ಎಲಿಜಬೆತ್‌ವಿಲ್ ಹೋಗಿ ಲುಬುಂಬಾಶಿ ಆದದ್ದು: ಒಂದು ಗಣಿ ಊರಿನ ಹೆಸರಿನ ಪ್ರಕರಣ

ಸೇನಾಧಿಕಾರಿ ಮೊಬುಟು ಮಧ್ಯ ಆಫ್ರಿಕಾದ ಕಾಂಗೋ ದೇಶದ ಅಧಿಕಾರ ಹಿಡಿದದ್ದು 1965ರ ನವೆಂಬರ್‌ನಲ್ಲಿ. ಅಲ್ಲಿಂದ ಆರೇಳು ವರ್ಷದೊಳಗೆ ಒಂದೇ ಜಾಗದ ಮೂರು ಹೆಸರುಗಳನ್ನು ಬದಲಾಯಿಸಿದ. ಮೊದಲು ಊರು: ಬೆಲ್ಜಿಯಂ ಆಳುತ್ತಿದ್ದಾಗ ಅಲ್ಲಿನ ರಾಣಿಯ ಹೆಸರಲ್ಲಿ ಇಟ್ಟ ಎಲಿಜಬೆತ್‌ವಿಲ್ 1966ರಲ್ಲಿ ಹೋಗಿ ಲುಬುಂಬಾಶಿ ಆಯಿತು. 1971ರಲ್ಲಿ ದೇಶ: ಕಾಂಗೋ ಹೋಗಿ ಝೈರ್. ಅದರ ಜೊತೆಗೇ ಪ್ರಾಂತ್ಯ: ಕಟಾಂಗಾ ಹೋಗಿ ಶಾಬಾ. 1997ರಲ್ಲಿ ಮೊಬುಟು ದೇಶ ಬಿಟ್ಟು ಓಡಿದ. ಝೈರ್ ಮತ್ತೆ ಕಾಂಗೋ ಆಯಿತು, ಶಾಬಾ ಮತ್ತೆ ಕಟಾಂಗಾ ಆಯಿತು. ಲುಬುಂಬಾಶಿ ಮಾತ್ರ ಹಾಗೇ ಉಳಿಯಿತು.

ಇದರಲ್ಲೇನು ವಿಶೇಷ, ಬೆಲ್ಜಿಯಂ ರಾಣಿಯ ಹೆಸರನ್ನು ಯಾರಾದರೂ ವಾಪಸ್ ತರ್ತಾರಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಒಂದು ವಿಷಯ ಗಮನಿಸಿ. 1960ರಲ್ಲಿ ಈ ಊರು ತಾನೇ ಒಂದು "ಸ್ವತಂತ್ರ ದೇಶ"ದ ರಾಜಧಾನಿ ಆಗಿತ್ತು, ಅದಕ್ಕೆ ಆಫ್ರಿಕಾದವರೇ ಅಧ್ಯಕ್ಷರಿದ್ದರು, ಹೊಸ ಬಾವುಟ, ಹೊಸ ಸ್ಟಾಂಪು, ಹೊಸ ನೋಟು ಎಲ್ಲ ಬಂತು, ರಾಣಿಯ ಹೆಸರು ಮಾತ್ರ ಅಲ್ಲಾಡಲಿಲ್ಲ. ಅಂದರೆ ಪರದೇಶದವರು ಹೋದ ಕೂಡಲೇ ಪರದೇಶದ ಹೆಸರು ತಾನಾಗಿ ಉದುರಿ ಹೋಗುತ್ತದೆ ಅನ್ನೋದು ಸುಳ್ಳು. ಹಾಗೇ ಸರ್ವಾಧಿಕಾರಿ ಇಟ್ಟ ಹೆಸರೆಲ್ಲ ಅವನ ಜೊತೆಗೇ ಹೋಗುತ್ತದೆ ಅನ್ನೋದೂ ಸುಳ್ಳು. ಹಾಗಾದರೆ ಈ ಊರಲ್ಲಿ ನಡೆದದ್ದೇನು? ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ರಾಣಿಗಿಂತ ಮೊದಲು

ಈ ಕಡೆ ತಾಮ್ರ ಬೆಲ್ಜಿಯಂನವರು ಕಂಡುಹಿಡಿದದ್ದಲ್ಲ. ಅವರು ಬರೋಕೆ ನೂರಾರು ವರ್ಷ ಮೊದಲೇ ಇಲ್ಲಿನ ಜನ ಹಸಿರು ಅದಿರನ್ನು ಅಗೆದು, ಮಣ್ಣಿನ ಕುಲುಮೆಯಲ್ಲಿ ಕರಗಿಸಿ, ಶಿಲುಬೆ ಆಕಾರದ ಗಟ್ಟಿಗಳನ್ನಾಗಿ ಎರಕ ಹೊಯ್ಯುತ್ತಿದ್ದರು. ಆ ಗಟ್ಟಿಗಳು ದುಡ್ಡಿನ ಹಾಗೆ ಕೈಯಿಂದ ಕೈಗೆ ಓಡಾಡುತ್ತಿದ್ದವು. 19ನೇ ಶತಮಾನದ ಕೊನೆಯ ಭಾಗದಲ್ಲಿ ಈ ವ್ಯಾಪಾರವೆಲ್ಲ ಎಂಸಿರಿ ಎಂಬ ರಾಜನ ಹಿಡಿತದಲ್ಲಿತ್ತು. ಅವನ ರಾಜಧಾನಿ ಬುಂಕೆಯಾ.

ಕಟಾಂಗಾದ ಮೇಲೆ ಆಗ ಇಬ್ಬರ ಕಣ್ಣಿತ್ತು. ದಕ್ಷಿಣದಿಂದ ಸೆಸಿಲ್ ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ, ಇನ್ನೊಂದು ಕಡೆಯಿಂದ ಬೆಲ್ಜಿಯಂ ರಾಜ ಎರಡನೇ ಲಿಯೋಪೋಲ್ಡ್. ಎಂಸಿರಿ ಇಬ್ಬರಿಗೂ ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ ಲಿಯೋಪೋಲ್ಡ್ ಕಳಿಸಿದ, ಸ್ಟೇರ್ಸ್ ಎಂಬವನ ದಂಡು ಬುಂಕೆಯಾಗೆ ಬಂತು. 1891ರ ಡಿಸೆಂಬರ್ 20ರಂದು ಆ ದಂಡಿನ ಬೋಡ್ಸನ್ ಎಂಬ ಅಧಿಕಾರಿ ಎಂಸಿರಿಯನ್ನು ಗುಂಡಿಟ್ಟು ಕೊಂದ. ಅಲ್ಲಿಗೆ ಕಟಾಂಗಾ ಲಿಯೋಪೋಲ್ಡ್ ಪಾಲಾಯಿತು. ಅದಾದ ಸ್ವಲ್ಪ ಸಮಯಕ್ಕೇ ಜೂಲ್ ಕಾರ್ನೆ ಎಂಬ ಭೂವಿಜ್ಞಾನಿ ಬಂದು ನೆಲ ನೋಡಿ, ಇದು "ಭೂವಿಜ್ಞಾನದ ಹಗರಣ" ಎಂದ. ಒಂದೇ ಕಡೆ ಇಷ್ಟೊಂದು ಲೋಹ ಇರೋದು ಅನ್ಯಾಯ ಅನ್ನೋ ಅರ್ಥದಲ್ಲಿ. ಹಗರಣ ಮುಂದೆ ನಡೆಯಿತು ಬಿಡಿ, ಆದರೆ ಅದು ನೆಲದ ತಪ್ಪಲ್ಲ.

ಗಣಿ ತೆಗೆಯೋಕೆ 1906ರಲ್ಲಿ ಯೂನಿಯನ್ ಮಿನಿಯೇರ್ ಕಂಪನಿ ಹುಟ್ಟಿತು. ಮುಂದಿನ 60 ವರ್ಷ ಈ ಪ್ರಾಂತ್ಯದ ನಿಜವಾದ ಯಜಮಾನ ಅದೇ. ಮೊದಲ ದೊಡ್ಡ ಗಣಿಗೆ "ಎತ್ವಾಲ್", ಅಂದರೆ ನಕ್ಷತ್ರ, ಅಂತ ಹೆಸರಿಟ್ಟರು. ಅದಿರು ಕರಗಿಸೋಕೆ ನೀರು ಬೇಕಲ್ವಾ, ಹತ್ತಿರ ಹರಿಯುತ್ತಿದ್ದ ಒಂದು ಸಣ್ಣ ಹೊಳೆಯ ದಡದಲ್ಲಿ ಕಾರ್ಖಾನೆಗೆ ಜಾಗ ಗುರುತು ಮಾಡಿದರು. ಆ ಹೊಳೆಯ ಹೆಸರು ಲುಬುಂಬಾಶಿ.

ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಲ್ಲ ಇದರ ಮೇಲೇ ನಿಲ್ಲುತ್ತದೆ.

ರಾಣಿಯ ಹೆಸರು ಯಾಕೆ ಬೇಕಾಯಿತು

1910ರಲ್ಲಿ ಊರು ಶುರುವಾಯಿತು. ಕಟ್ಟಿಸಿದವನು ಎಮಿಲ್ ವಾಂಗರ್ಮೆ ಎಂಬ ಬೆಲ್ಜಿಯಂ ಅಧಿಕಾರಿ. ಹೆಸರು, ಆಗ ತಾನೇ ಪಟ್ಟಕ್ಕೆ ಬಂದ ಒಂದನೇ ಆಲ್ಬರ್ಟ್ ರಾಜನ ಹೆಂಡತಿ ಎಲಿಜಬೆತ್‌ದು. ಜರ್ಮನಿಯ ಬವೇರಿಯಾದ ಮನೆತನದವಳು, ಪಿಟೀಲು ನುಡಿಸುತ್ತಿದ್ದಳು, ಬ್ರಸೆಲ್ಸ್‌ನಲ್ಲಿ ಇವತ್ತಿಗೂ ಅವಳ ಹೆಸರಲ್ಲಿ ದೊಡ್ಡ ಸಂಗೀತ ಸ್ಪರ್ಧೆ ನಡೆಯುತ್ತದೆ. ತಾಮ್ರಕ್ಕೂ ಅವಳಿಗೂ ಸಂಬಂಧವೇ ಇಲ್ಲ.

ಸುಮ್ನೆ ರಾಜಮನೆತನದವರನ್ನು ಖುಷಿಪಡಿಸೋಕೆ ಇಟ್ಟ ಹೆಸರು ಅಂತ ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಅದು ಅರ್ಧ ಮಾತ್ರ ನಿಜ. ಆ ವರ್ಷಗಳ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಲಿಯೋಪೋಲ್ಡ್‌ನ ಖಾಸಗಿ ಆಸ್ತಿಯ ಹಾಗಿದ್ದ ಕಾಂಗೋವನ್ನು ಬೆಲ್ಜಿಯಂ ಸರಕಾರ 1908ರ ನವೆಂಬರ್‌ನಲ್ಲಿ ತನ್ನ ಕೈಗೆ ತಗೊಂಡಿತು. ಕಾರಣ, ರಬ್ಬರಿಗಾಗಿ ಅಲ್ಲಿ ನಡೆದ ಕೊಲೆ, ಕೈ ಕಡಿಯೋದು, ಊರು ಸುಡೋದು ಎಲ್ಲ ಜಗತ್ತಿಗೆ ಗೊತ್ತಾಗಿ ಮಾನ ಹೋಗಿತ್ತು. 1909ರ ಡಿಸೆಂಬರ್‌ನಲ್ಲಿ ಲಿಯೋಪೋಲ್ಡ್ ಸತ್ತ. ಮರುವರ್ಷ ಹೊಸ ಊರು, ಹೊಸ ಹೆಸರು. ಲಿಯೋಪೋಲ್ಡ್‌ವಿಲ್ ಅನ್ನೋ ಊರು ಆಗಲೇ ಇತ್ತು, ಆ ಹೆಸರಿಗೆ ರಕ್ತದ ವಾಸನೆ ಹತ್ತಿತ್ತು. ಹೊಸ ರಾಣಿಯ ಹೆಸರಿಗೆ ಇನ್ನೂ ಯಾವ ಕಲೆಯೂ ಇರಲಿಲ್ಲ.

ಎರಡನೇ ಕಾರಣ ಇನ್ನೂ ನೇರವಾದದ್ದು: ಇಂಗ್ಲಿಷರ ಭಯ. ಈ ಊರು ಕಾಂಗೋದ ತೀರಾ ದಕ್ಷಿಣದ ತುದಿಯಲ್ಲಿದೆ, ರಾಜಧಾನಿಯಿಂದ ಸಾವಿರಾರು ಕಿಲೋಮೀಟರ್ ದೂರ, ಆದರೆ ಉತ್ತರ ರೊಡೇಷಿಯಾ, ಅಂದರೆ ಈಗಿನ ಜಾಂಬಿಯಾ, ಪಕ್ಕದಲ್ಲೇ. 1910ರಲ್ಲಿ ಊರಿಗೆ ಬಂದ ರೈಲೂ ರೊಡೇಷಿಯಾ ಕಡೆಯಿಂದಲೇ ಬಂತು. ಕುಲುಮೆಗೆ ಕಲ್ಲಿದ್ದಲು ಬರುತ್ತಿದ್ದದ್ದು ದಕ್ಷಿಣ ರೊಡೇಷಿಯಾದ ವ್ಯಾಂಕಿಯಿಂದ. ಮೊದಲು ಬಂದ ಬಿಳಿಯರಲ್ಲಿ ದಕ್ಷಿಣ ಆಫ್ರಿಕಾ ಕಡೆಯ ಇಂಗ್ಲಿಷ್ ಮಾತಾಡುವವರು ಬಹಳ ಜನ ಇದ್ದರು, ಅಂಗಡಿಗಳಲ್ಲಿ ಪೌಂಡು, ಶಿಲ್ಲಿಂಗು ಓಡುತ್ತಿತ್ತು. ಬೆಲ್ಜಿಯಂ ದೇಶದ ಕಾಲನಿಯಲ್ಲಿ ಬೆಲ್ಜಿಯಂ ದುಡ್ಡಿಗೇ ಬೆಲೆ ಇಲ್ಲ ಅಂದರೆ ಏನು ಕತೆ! ಅಂಥ ಜಾಗದಲ್ಲಿ ಸ್ಟೇಷನ್ ಬೋರ್ಡಿನ ಮೇಲೆ ಬೆಲ್ಜಿಯಂ ರಾಣಿಯ ಹೆಸರು ಬರೆಸೋದು ಅಂದರೆ, ಇಲ್ಲಿಂದ ಮುಂದೆ ನಮ್ಮ ಜಮೀನು ಅಂತ ಗಡಿಕಲ್ಲು ನೆಟ್ಟ ಹಾಗೆ.

ಆದರೆ ಕಂಪನಿ ತನ್ನ ಕಾರ್ಖಾನೆಗೆ ರಾಣಿಯ ಹೆಸರು ಇಡಲಿಲ್ಲ. 1911ರಲ್ಲಿ ಹೊಳೆಯ ದಡದಲ್ಲಿ ತಾಮ್ರದ ಕುಲುಮೆ ಹೊತ್ತಿಸಿದಾಗ ಅದನ್ನು ಲುಬುಂಬಾಶಿ ಕಾರ್ಖಾನೆ ಎಂದೇ ಕರೆದರು. ಹೀಗೆ ಹುಟ್ಟಿದಾಗಿನಿಂದಲೇ ಇಲ್ಲಿ ಎರಡು ಹೆಸರು. ಅಂಚೆ ಮುದ್ರೆಯಲ್ಲಿ ಎಲಿಜಬೆತ್‌ವಿಲ್. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವವನಿಗೆ ಲುಬುಂಬಾಶಿ.

ಬಿಳಿ ಊರು, ಕರಿ ಊರು

ಹೆಸರಿನ ಈ ಎರಡು ಪದರ ಊರಿನ ನಕ್ಷೆಯಲ್ಲೂ ಇತ್ತು. ಎಲಿಜಬೆತ್‌ವಿಲ್ ಅಂತ ಅಧಿಕಾರಿಗಳು ಮನಸ್ಸಲ್ಲಿ ಇಟ್ಟುಕೊಂಡಿದ್ದದ್ದು ಬಿಳಿಯರು ಇರುವ ಭಾಗವನ್ನು. ನೇರ ರಸ್ತೆ, ಸಾಲು ಮರ, ಅಂಚೆ ಕಚೇರಿ, ಚರ್ಚು, ಕ್ಲಬ್ಬು. 1930ರಲ್ಲಿ ಒಂದು ಸಿನಗಾಗೂ ಎದ್ದಿತು, ಯಾಕೆಂದರೆ ಗ್ರೀಸ್ ಕಡೆಯ ರೋಡ್ಸ್ ದ್ವೀಪದಿಂದ ಬಂದ ಯಹೂದಿ ವ್ಯಾಪಾರಿಗಳು ಇಲ್ಲಿ ಅಂಗಡಿ ಇಟ್ಟಿದ್ದರು. ಆಫ್ರಿಕಾದ ಜನಕ್ಕೆ ಬೇರೆ ಕೇರಿ. ನಡುವೆ ಅರ್ಧ ಕಿಲೋಮೀಟರಿಗೂ ಜಾಸ್ತಿ ಅಗಲದ ಖಾಲಿ ಪಟ್ಟಿ. ಕಾರಣ ಕೇಳಿದರೆ ಮಲೇರಿಯಾ, ಸೊಳ್ಳೆ ಅಷ್ಟು ದೂರ ಹಾರಲ್ಲ ಅಂತ ಡಾಕ್ಟರುಗಳ ವಾದ. ಅಡುಗೆ ಮಾಡೋಕೆ, ಬಟ್ಟೆ ಒಗೆಯೋಕೆ, ಮಗು ಎತ್ತಿಕೊಳ್ಳೋಕೆ ಅದೇ ಪಟ್ಟಿ ದಾಟಿ ದಿನಾ ಜನ ಬರಬೇಕಿತ್ತು, ಅವರ ಜೊತೆ ಸೊಳ್ಳೆ ಬರ್ತಿರಲಿಲ್ಲವಂತೆ!

ಆ ಆಫ್ರಿಕನ್ ಕೇರಿಗೆ ಇಟ್ಟ ಸರಕಾರಿ ಹೆಸರು ಆಲ್ಬರ್ಟ್. ರಾಣಿ ಆ ಕಡೆ, ರಾಜ ಈ ಕಡೆ. ಅದು ಈಗ ಕಮಲೊಂಡೊ. ಆಮೇಲೆ ಕೆನ್ಯಾ, ಕಟೂಬಾ ಎಂಬ ಕೇರಿಗಳೂ ಬೆಳೆದವು. ಕಂಪನಿಯ ಕಾರ್ಮಿಕರಿಗೆ ಇವೆಲ್ಲಕ್ಕಿಂತ ಬೇರೆ ಕ್ಯಾಂಪು. 1920ರ ದಶಕದ ಕೊನೆಯಿಂದ ಕಂಪನಿ ಒಂದು ಹೊಸ ಪದ್ಧತಿ ತಂದಿತು. ಆರು ತಿಂಗಳಿಗೊಮ್ಮೆ ಹೊಸಬರನ್ನು ಹಿಡಿದು ತರುವ ಬದಲು, ಹೆಂಡತಿ ಮಕ್ಕಳ ಸಮೇತ ಕರೆತಂದು ಮನೆ, ರೇಷನ್, ಆಸ್ಪತ್ರೆ, ಶಾಲೆ ಕೊಟ್ಟು ಇರಿಸಿಕೊಳ್ಳೋದು. ಕಾಂಗೋದಲ್ಲೇ ಇರುವ ಕಸಾಯಿ ಸೀಮೆಯ ಕಡೆಯಿಂದ, ರುವಾಂಡಾ ಬುರುಂಡಿ ಕಡೆಯಿಂದ, ರೊಡೇಷಿಯಾದಿಂದ ಜನ ಬಂದರು. ಒಬ್ಬರ ಮಾತು ಒಬ್ಬರಿಗೆ ಬರಲ್ಲ, ಹಾಗಾಗಿ ಎಲ್ಲರೂ ಸ್ವಾಹಿಲಿಯಲ್ಲಿ ಮಾತಾಡತೊಡಗಿದರು. ಇವತ್ತಿಗೂ ಊರಿನ ಮಾತು ಒಂದು ಥರದ ಸ್ವಾಹಿಲಿಯೇ, ಫ್ರೆಂಚ್ ಧಾರಾಳವಾಗಿ ಬೆರೆತದ್ದು.

ಮನೆ, ರೇಷನ್ ಕೊಟ್ಟ ಕಂಪನಿ ಒಳ್ಳೆಯದಲ್ವಾ ಅಂತ ಅನ್ನಿಸಿದರೆ 1941ನ್ನು ನೋಡಿ. ಯುದ್ಧದ ಸಮಯ, ತಾಮ್ರಕ್ಕೆ ಭಾರೀ ಬೇಡಿಕೆ, ದುಡಿಸಿಕೊಳ್ಳೋದು ಹೆಚ್ಚಾಯಿತು, ಸಾಮಾನಿನ ಬೆಲೆ ಏರಿತು, ಕೂಲಿ ಅಷ್ಟೇ. ಡಿಸೆಂಬರ್‌ನಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿ ಫುಟ್‌ಬಾಲ್ ಮೈದಾನದಲ್ಲಿ ಸೇರಿದರು. ಮಾತುಕತೆ ಮುರಿದುಬಿತ್ತು, ಸೈನಿಕರು ಗುಂಡು ಹಾರಿಸಿದರು. ಹತ್ತಾರು ಜನ ಸತ್ತರು. ಕಾರ್ಮಿಕರ ಪರವಾಗಿ ಮಾತಾಡಿದ ಲಿಯೊನಾರ್ಡ್ ಎಂಪೊಯಿ ಅಲ್ಲೇ ಸತ್ತರು. ಇದಾಗಿ ಕೆಲವೇ ವರ್ಷಕ್ಕೆ ಹಿರೋಷಿಮಾ ಮೇಲೆ ಬಿದ್ದ ಬಾಂಬಿನ ಯುರೇನಿಯಂನ ದೊಡ್ಡ ಪಾಲು ಹೋದದ್ದು ಇದೇ ಕಂಪನಿಯ ಶಿಂಕೊಲೊಬ್ವೆ ಗಣಿಯಿಂದ.

ಆ ಗಣಿಯ ಹತ್ತಿರದ ಊರು ಜಾಡೋವಿಲ್. ಅದಕ್ಕೆ ಹೆಸರು ಕೊಟ್ಟವನು ರಾಜನೂ ಅಲ್ಲ, ರಾಣಿಯೂ ಅಲ್ಲ, ಯೂನಿಯನ್ ಮಿನಿಯೇರ್ ಕಟ್ಟಿದವರಲ್ಲಿ ಒಬ್ಬನಾದ ಜಾನ್ ಜಾಡೋ ಎಂಬ ಎಂಜಿನಿಯರ್. ಕಟಾಂಗಾದಲ್ಲಿ ಅಧಿಕಾರ ಯಾರ ಕೈಲಿತ್ತು ಅಂತ ತಿಳಿಯೋಕೆ ಎಲಿಜಬೆತ್‌ವಿಲ್‌ಗಿಂತ ಈ ಹೆಸರೇ ಚೆನ್ನಾಗಿ ಹೇಳುತ್ತದೆ ಅಂತ ನನಗನ್ನಿಸುತ್ತದೆ.

ಎರಡೂವರೆ ವರ್ಷದ ರಾಜಧಾನಿ

1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಯಿತು. ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ. ಹನ್ನೊಂದೇ ದಿನಕ್ಕೆ, ಜುಲೈ 11ರಂದು, ಪ್ರಾಂತ್ಯದ ಮುಂದಾಳು ಮೊಯಿಸ್ ಷೊಂಬೆ ಕಟಾಂಗಾ ಬೇರೆ ದೇಶ ಅಂತ ಘೋಷಿಸಿದ. ರಾಜಧಾನಿ ಎಲಿಜಬೆತ್‌ವಿಲ್.

ಹೊಸ ದೇಶದ ಬಾವುಟದಲ್ಲಿ ಮೂರು ತಾಮ್ರದ ಶಿಲುಬೆ ಇತ್ತು, ಎಂಸಿರಿಯ ಕಾಲದ ಅದೇ ಗಟ್ಟಿಗಳು. ಅಂದರೆ ಹಳೆಯದನ್ನು ನೆನಪಿಸಿಕೊಳ್ಳಬೇಕು ಅನ್ನೋ ಆಸೆ ಇರಲಿಲ್ಲ ಅಂತಲ್ಲ. ಆದರೂ ರಾಜಧಾನಿಯ ಹೆಸರಿಗೆ ಕೈ ಹಾಕಲಿಲ್ಲ. ಹಾಕೋದು ಹೇಗೆ? ಸರಕಾರದ ಖಜಾನೆಗೆ ಬರುತ್ತಿದ್ದ ದುಡ್ಡಿನ ದೊಡ್ಡ ಭಾಗ ಯೂನಿಯನ್ ಮಿನಿಯೇರ್ ಕಟ್ಟುತ್ತಿದ್ದ ತೆರಿಗೆ. ಸೈನ್ಯ ನಡೆಸುತ್ತಿದ್ದವರು ಬೆಲ್ಜಿಯಂ ಅಧಿಕಾರಿಗಳು, ಆಮೇಲೆ ಬಾಡಿಗೆ ಸೈನಿಕರು. ಮಂತ್ರಿಗಳ ಪಕ್ಕದಲ್ಲಿ ಬೆಲ್ಜಿಯಂ ಸಲಹೆಗಾರರು. ರಾಣಿ ಇನ್ನೂ ಬದುಕಿದ್ದಳು ಕೂಡ.

1961ರ ಜನವರಿ 17ರ ಸಂಜೆ ಊರಿನ ವಿಮಾನ ನಿಲ್ದಾಣಕ್ಕೆ ಒಂದು ವಿಮಾನ ಬಂತು. ಅದರಲ್ಲಿ ಅಷ್ಟರಲ್ಲಾಗಲೇ ಅಧಿಕಾರ ಕಳಕೊಂಡು ಸೆರೆಯಾಗಿದ್ದ ಲುಮುಂಬಾ ಮತ್ತು ಅವರ ಇಬ್ಬರು ಸಂಗಾತಿಗಳು, ಎಂಪೊಲೊ ಮತ್ತು ಒಕಿಟೊ. ಅವರ ಕೈ ಕಟ್ಟಿ, ದಾರಿಯುದ್ದಕ್ಕೂ ಹೊಡೆದುಕೊಂಡು ತಂದಿದ್ದರು. ಕಳಿಸಿದ್ದು ಕಾಂಗೋದ ರಾಜಧಾನಿ ಲಿಯೋಪೋಲ್ಡ್‌ವಿಲ್‌ನ ಆಡಳಿತ, ಅಲ್ಲಿ ಸೈನ್ಯ ಮೊಬುಟು ಕೈಲಿತ್ತು. ಆ ರಾತ್ರಿಯೇ ಊರಾಚೆಯ ಕಾಡಿಗೆ ಒಯ್ದು ಮೂವರನ್ನೂ ಗುಂಡಿಟ್ಟು ಕೊಂದರು. ಷೊಂಬೆಯ ಮಂತ್ರಿಗಳು ನೋಡುತ್ತಿದ್ದರು, ಗುಂಡು ಹಾರಿಸುವವರ ಹಿಂದೆ ನಿಂತದ್ದು ಬೆಲ್ಜಿಯಂ ಅಧಿಕಾರಿಗಳು. ಆಮೇಲೆ ಹೆಣವೂ ಸಿಗಬಾರದು ಅಂತ ಮಣ್ಣಿಂದ ತೆಗೆದು, ಕತ್ತರಿಸಿ, ಆಸಿಡ್‌ನಲ್ಲಿ ಕರಗಿಸಿದರು. ಆ ಕೆಲಸ ಮಾಡಿದ ಬೆಲ್ಜಿಯಂ ಪೊಲೀಸ್ ಅಧಿಕಾರಿ ಒಂದು ಹಲ್ಲನ್ನು ಇಟ್ಟುಕೊಂಡಿದ್ದ. ಬೆಲ್ಜಿಯಂ ಅದನ್ನು ಲುಮುಂಬಾ ಮನೆಯವರಿಗೆ ವಾಪಸ್ ಕೊಟ್ಟದ್ದು 2022ರ ಜೂನ್‌ನಲ್ಲಿ.

ಎಲಿಜಬೆತ್‌ವಿಲ್ ಅನ್ನೋ ಹೆಸರು ಜಗತ್ತಿನ ಪತ್ರಿಕೆಗಳಿಗೆಲ್ಲ ಗೊತ್ತಾದದ್ದು ಇದರಿಂದಲೇ. ರಾಣಿಯ ಹೆಸರಿಗೆ ಕಲೆ ಇಲ್ಲ ಅಂದೆನಲ್ಲ, ಅದು 1910ರ ಮಾತು.

ಭಾರತದ ಸೈನಿಕರು ಬಂದದ್ದು ಇದಾದ ಮೇಲೆ. ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಒಂದು ಇಡೀ ಬ್ರಿಗೇಡ್ ಕಾಂಗೋಗೆ ಹೋಯಿತು, ಬ್ರಿಗೇಡಿಯರ್ ಕೆ.ಎ.ಎಸ್. ರಾಜಾ ಮುಂದಾಳು. 1961ರ ಸೆಪ್ಟೆಂಬರ್‌ನಲ್ಲಿ ಎಲಿಜಬೆತ್‌ವಿಲ್‌ನ ಬೀದಿಗಳಲ್ಲಿ ಮೊದಲ ಕಾಳಗ. ಅದೇ ವಾರ ಜಾಡೋವಿಲ್‌ನಲ್ಲಿ ಐರ್ಲೆಂಡಿನ ಸುಮಾರು 155 ಸೈನಿಕರ ತುಕಡಿಯನ್ನು ಕಟಾಂಗಾ ಪಡೆ ಸುತ್ತುವರಿದು, ಗುಂಡು ನೀರು ಮುಗಿದ ಮೇಲೆ ಅವರು ಶರಣಾದರು. ಸಂಧಾನಕ್ಕೆ ಹೊರಟ ವಿಶ್ವಸಂಸ್ಥೆಯ ಮುಖ್ಯಸ್ಥ ಡಾಗ್ ಹಮ್ಮರ್‌ಷೋಲ್ಡ್ ಅವರ ವಿಮಾನ ಸೆಪ್ಟೆಂಬರ್ 18ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಉತ್ತರ ರೊಡೇಷಿಯಾದ ಎಂಡೋಲಾ ಹತ್ತಿರ ಬಿದ್ದು ಅವರೂ ಸತ್ತರು.

ಡಿಸೆಂಬರ್‌ನಲ್ಲಿ ಮತ್ತೆ ಕಾಳಗ. ಊರಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ವೃತ್ತದ ಹತ್ತಿರ ಕಟಾಂಗಾ ಪಡೆಯವರು ರಸ್ತೆ ಅಡ್ಡಗಟ್ಟಿದ್ದರು. ಡಿಸೆಂಬರ್ 5ರಂದು ಅದನ್ನು ತೆರವು ಮಾಡೋಕೆ ಹೋದ ಗೂರ್ಖಾ ರೈಫಲ್ಸ್‌ನ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ, 16 ಜನರನ್ನು ಕಟ್ಟಿಕೊಂಡು ಸುಮಾರು 90 ಜನರಿದ್ದ ಎದುರಾಳಿ ತುಕಡಿಯ ಮೇಲೆ ನುಗ್ಗಿದರು. ಕುಕ್ರಿ ಹಿಡಿದು ಕೈಕೈ ಮಿಲಾಯಿಸಿದ ಜಗಳ ಅದು. ಕುತ್ತಿಗೆಗೆ ಗುಂಡು ಬಿದ್ದರೂ ಬಿದ್ದು ಹೋಗುವ ತನಕ ಹೋರಾಡಿದರು. 26 ವರ್ಷ ಅವರಿಗೆ. ಪರಮ ವೀರ ಚಕ್ರ ಬಂತು. ಇವರು ಹುಡುಗನಾಗಿದ್ದಾಗ ಸ್ವಲ್ಪ ಕಾಲ ಓದಿದ್ದು ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಶಾಲೆಯಲ್ಲಿ. ಆ ರಾಜನ ಹೆಸರೂ ಈಗಿಲ್ಲ, ರಾಷ್ಟ್ರೀಯ ಮಿಲಿಟರಿ ಶಾಲೆ ಎನ್ನುತ್ತಾರೆ. ಆದರೆ ಸಲಾರಿಯಾ ಅವರ ಪರಮ ವೀರ ಚಕ್ರದ ಅಧಿಕೃತ ಬರಹದಲ್ಲಿ ಎಲಿಜಬೆತ್‌ವಿಲ್ ಹಾಗೇ ಇದೆ. ಅದನ್ನು ಯಾರೂ ತಿದ್ದಬೇಕಾಗಿಯೂ ಇಲ್ಲ, ಆ ದಿನ ಊರಿನ ಹೆಸರು ಅದೇ ಆಗಿತ್ತು.

1963ರ ಜನವರಿಯಲ್ಲಿ ಷೊಂಬೆ ಸೋತ. ಕಟಾಂಗಾ ಮತ್ತೆ ಕಾಂಗೋಗೆ ಸೇರಿತು. ಹೆಸರು ಆಗಲೂ ಬದಲಾಗಲಿಲ್ಲ.

1966: ಬೋರ್ಡು ಮತ್ತು ಗಣಿ

ಇಲ್ಲಿ ಒಂದು ವಿಚಿತ್ರ ಕಾಕತಾಳೀಯ ಇದೆ. ರಾಣಿ ಎಲಿಜಬೆತ್ ಸತ್ತದ್ದು 1965ರ ನವೆಂಬರ್ 23ರಂದು. ಮೊಬುಟು ಅಧಿಕಾರ ಕಿತ್ತುಕೊಂಡದ್ದು ಅದರ ಮರುದಿನ ರಾತ್ರಿ. ಒಂದಕ್ಕೊಂದು ಸಂಬಂಧ ಇಲ್ಲ, ಆದರೆ ಒಂದು ವರ್ಷ ಆಗೋದರೊಳಗೆ ಅವಳ ಹೆಸರು ಕಾಂಗೋದ ನಕ್ಷೆಯಿಂದ ಹೋಯಿತು.

1966ರ ಪಟ್ಟಿ ದೊಡ್ಡದು. ಲಿಯೋಪೋಲ್ಡ್‌ವಿಲ್ ಕಿನ್ಶಾಸಾ ಆಯಿತು, ಸ್ಟ್ಯಾನ್ಲಿವಿಲ್ ಕಿಸಂಗಾನಿ, ಜಾಡೋವಿಲ್ ಲಿಕಾಸಿ. ಎಲ್ಲವೂ ಮೇಲಿಂದ ಬಂದ ಆಜ್ಞೆ. ಊರಿನವರನ್ನು ಯಾರೂ ಕೇಳಲಿಲ್ಲ, 1910ರಲ್ಲೂ ಕೇಳಿರಲಿಲ್ಲ. ಅದೇ ವರ್ಷದ ಜೂನ್ 30ರಂದು ಮೊಬುಟು ಲುಮುಂಬಾ ಅವರನ್ನು ರಾಷ್ಟ್ರೀಯ ವೀರ ಅಂತ ಘೋಷಿಸಿದ. ಅವರನ್ನು ಸಾಯೋಕೆ ಕಳಿಸಿದವರಲ್ಲಿ ತಾನೂ ಒಬ್ಬ ಅನ್ನೋದನ್ನು ಹೇಳಲಿಲ್ಲ ಅಷ್ಟೇ.

ಹೆಸರು ಬದಲಿಸೋದು ಬರೀ ನಾಟಕ, ಖರ್ಚಿಲ್ಲದ ದೇಶಭಕ್ತಿ ಅಂತ ತಳ್ಳಿಹಾಕೋದು ಸುಲಭ. ಈ ಪ್ರಕರಣದಲ್ಲಿ ಹಾಗೆ ಮಾಡಿದರೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ. ಯಾಕೆಂದರೆ ಅದೇ 1966ರ ಜೂನ್‌ನಲ್ಲಿ ಬಕಾಜಿಕಾ ಕಾನೂನು ಬಂತು. ವಸಾಹತು ಸರಕಾರ ಕಂಪನಿಗಳಿಗೆ ಕೊಟ್ಟಿದ್ದ ಭೂಮಿ ಮತ್ತು ಗಣಿ ಹಕ್ಕುಗಳೆಲ್ಲ ಕಾಂಗೋ ದೇಶದ್ದು ಅಂತ ಅದು ಹೇಳಿತು. ಕಾಂಗೋದಲ್ಲಿ ದುಡಿಯುವ ಕಂಪನಿ ಮುಖ್ಯ ಕಚೇರಿಯನ್ನೂ ಕಾಂಗೋದಲ್ಲೇ ಇಡಬೇಕು ಅಂತ ಮೊಬುಟು ಹಟ ಹಿಡಿದ. ಯೂನಿಯನ್ ಮಿನಿಯೇರ್ ಒಪ್ಪಲಿಲ್ಲ. 1967ರ ಜನವರಿ 1ರಂದು ಅದರ ಕಾಂಗೋ ಆಸ್ತಿಯನ್ನೆಲ್ಲ ಸರಕಾರ ವಶಕ್ಕೆ ತಗೊಂಡಿತು. ಹೊಸ ಸರಕಾರಿ ಕಂಪನಿ ಹುಟ್ಟಿತು, ಕೆಲವು ವರ್ಷಕ್ಕೆ ಅದರ ಹೆಸರು ಜೆಕಮೀನ್ ಅಂತ ಆಯಿತು. ಅಂದರೆ ಬೋರ್ಡು ಮತ್ತು ಗಣಿ ಒಂದೇ ವರ್ಷದ ಒಳಗೆ ಕೈ ಬದಲಾದವು. ಷೊಂಬೆ ಕೈಲಿ ಗಣಿ ಇರಲಿಲ್ಲ, ಹಾಗಾಗಿ ಬೋರ್ಡೂ ಬದಲಾಗಲಿಲ್ಲ. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಷ್ಟೇ.

ಗಣಿ ಪೂರ್ತಿ ಕೈಗೆ ಬಂತಾ ಅಂದರೆ, ಅದೂ ಇಲ್ಲ. ತಾಮ್ರ ಶುದ್ಧ ಮಾಡೋದು, ಮಾರೋದು ಎಲ್ಲ ಬೆಲ್ಜಿಯಂ ಗುಂಪಿನ ಕೈಯಲ್ಲೇ ಒಪ್ಪಂದದ ಮೇಲೆ ಮುಂದುವರಿಯಿತು. ವಶಪಡಿಸಿಕೊಂಡದ್ದಕ್ಕೆ ಪರಿಹಾರವನ್ನೂ ಕೊಡಬೇಕಾಯಿತು.

ಹೊಸ ಹೆಸರಿನ ಆಯ್ಕೆ ಮಾತ್ರ ಚೆನ್ನಾಗಿತ್ತು. ಇಲ್ಲಿ ಮೊಬುಟು ಏನನ್ನೂ ಹೊಸದಾಗಿ ಹುಟ್ಟಿಸಲಿಲ್ಲ. ಹೊಳೆ ಇತ್ತು, ಕಾರ್ಖಾನೆ ಇತ್ತು, 55 ವರ್ಷದಿಂದ ಜನ ಹೇಳುತ್ತಿದ್ದ ಹೆಸರಿತ್ತು. ಅದನ್ನು ಕಾರ್ಖಾನೆ ಗೇಟಿನಿಂದ ಎತ್ತಿ ರೈಲ್ವೆ ಸ್ಟೇಷನ್ನಿಗೆ ಹಾಕಿದ್ದಷ್ಟೇ.

ಝೈರ್ ಮತ್ತು ಶಾಬಾ ಹಾಗಲ್ಲ. ಝೈರ್ ಅಂದರೆ ಕಾಂಗೋ ನದಿಗಿದ್ದ ಸ್ಥಳೀಯ ಹೆಸರನ್ನು ಪೋರ್ಚುಗೀಸರು ತಪ್ಪಾಗಿ ಕೇಳಿಸಿಕೊಂಡು ಮಾಡಿದ ರೂಪ. ಶಾಬಾ ಅಂದರೆ ಸ್ವಾಹಿಲಿಯಲ್ಲಿ ತಾಮ್ರ. ಕಟಾಂಗಾ ಎಂಬುದು ವಿದೇಶಿ ಹೆಸರೇ ಆಗಿರಲಿಲ್ಲ, ಬೆಲ್ಜಿಯಂನವರಿಗಿಂತ ಹಳೆಯದು. ಅದನ್ನು ತೆಗೆದದ್ದು ಪ್ರತ್ಯೇಕ ದೇಶದ ನೆನಪನ್ನು ಅಳಿಸೋಕೆ ಅಂತ ಎಲ್ಲರಿಗೂ ಗೊತ್ತಿತ್ತು. ಬಾಯಿಂದ ಬರೋದನ್ನು ತಡೆಯಬಹುದು, ಮನಸ್ಸಿಂದ ಹೋಗಬೇಕಲ್ಲ.

ಉಳಿದದ್ದು, ಅಳಿದದ್ದು

ಊರಿನ ಫುಟ್‌ಬಾಲ್ ಕ್ಲಬ್ಬಿನ ಕತೆಯನ್ನು ಇಲ್ಲೇ ಹೇಳಬೇಕು, ಯಾಕೆಂದರೆ ಹೆಸರಿನ ವಿಷಯದಲ್ಲಿ ಅದು ಊರಿಗಿಂತ ಮಜಾ ಇದೆ. 1939ರಲ್ಲಿ ಕ್ರೈಸ್ತ ಪಾದ್ರಿಗಳು ಶುರು ಮಾಡಿದಾಗ ಸಂತ ಜಾರ್ಜ್ ಹೆಸರಿನ ತಂಡ. ಆಮೇಲೆ ಸಂತ ಪಾಲ್. ಆಮೇಲೆ ಎಂಗಲ್‌ಬರ್ಟ್, ಇದು ಟೈರ್ ಕಂಪನಿಯ ಹೆಸರು! ಆ ಟೈರ್ ಹೆಸರಿನಲ್ಲೇ 1967 ಮತ್ತು 1968ರಲ್ಲಿ ಆಫ್ರಿಕಾದ ಚಾಂಪಿಯನ್ ಆದರು. ಊರಿನಲ್ಲಿ ಬೆಲ್ಜಿಯಂ ಹೆಸರುಗಳನ್ನೆಲ್ಲ ಕಿತ್ತುಹಾಕುತ್ತಿದ್ದ ಸಮಯದಲ್ಲೇ ಜನ ಸ್ಟೇಡಿಯಂನಲ್ಲಿ ಬೆಲ್ಜಿಯಂ ಟೈರಿನ ಹೆಸರು ಕೂಗುತ್ತಿದ್ದರು. ಕೊನೆಗೆ ಮಜೆಂಬೆ ಆಯಿತು. 2010ರಲ್ಲಿ ಕ್ಲಬ್ ವಿಶ್ವಕಪ್ಪಿನ ಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಅದೇ, ಇಂಟರ್ ಮಿಲಾನ್ ಎದುರು ಸೋತರು.

ಜೆಕಮೀನ್ 1980ರ ದಶಕದ ನಡುವಿನಲ್ಲಿ ವರ್ಷಕ್ಕೆ ನಾಲ್ಕೂವರೆ ಲಕ್ಷ ಟನ್ನಿಗೂ ಜಾಸ್ತಿ ತಾಮ್ರ ತೆಗೆಯುತ್ತಿತ್ತು. ಬಂದ ದುಡ್ಡು ಗಣಿಗೆ ವಾಪಸ್ ಹೋಗಲಿಲ್ಲ, ಮೊಬುಟು ಮತ್ತು ಅವನ ಸುತ್ತ ಇದ್ದವರ ಜೇಬಿಗೆ ಹೋಯಿತು. ಯಂತ್ರ ಹಳತಾಯಿತು, ಬಿಡಿಭಾಗ ಬರಲಿಲ್ಲ, 1990ರಲ್ಲಿ ಕಮೋಟೊ ಎಂಬ ದೊಡ್ಡ ಗಣಿ ಒಳಗೇ ಕುಸಿಯಿತು. 1990ರ ದಶಕದಲ್ಲಿ ಉತ್ಪಾದನೆ 50 ಸಾವಿರ ಟನ್ನಿಗಿಂತ ಕೆಳಗೆ ಬಂತು. ಅದೇ ದಶಕದ ಶುರುವಿನಲ್ಲಿ, "ನಿಜವಾದ ಕಟಾಂಗಾದವರು" ಮತ್ತು "ಕಸಾಯಿಯಿಂದ ಬಂದವರು" ಅಂತ ಜನರನ್ನು ಬೇರೆ ಮಾಡಿ, ಎರಡು ಮೂರು ತಲೆಮಾರಿನಿಂದ ಗಣಿಯಲ್ಲಿ ದುಡಿದ ಕುಟುಂಬಗಳ ಲಕ್ಷಾಂತರ ಕಸಾಯಿ ಜನರನ್ನು ಹೊಡೆದು ಓಡಿಸಿದರು. ಸರಕಾರಿ ಕಾಗದದಲ್ಲಿ ಆಗ ಕಟಾಂಗಾ ಅನ್ನೋ ಪ್ರಾಂತ್ಯವೇ ಇರಲಿಲ್ಲ ನೋಡಿ, ಆದರೆ ಅದರ ಹೆಸರಲ್ಲಿ ಜನ ಮನೆ ಕಳಕೊಂಡರು.

1997ರ ಏಪ್ರಿಲ್‌ನಲ್ಲಿ, ಮೊಬುಟು ವಿರುದ್ಧ ದಂಗೆ ಎದ್ದಿದ್ದ ಲೋರಾನ್ ಕಬಿಲಾನ ಪಡೆ ಲುಬುಂಬಾಶಿ ಹಿಡಿಯಿತು. ಮೊಬುಟು ಇನ್ನೂ ಕಿನ್ಶಾಸಾದಲ್ಲೇ ಇದ್ದ, ಇಲ್ಲಿ ಆಗಲೇ ವಿದೇಶಿ ಗಣಿ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಮೇ 17ರಂದು ಕಬಿಲಾ ತಾನೇ ಅಧ್ಯಕ್ಷ ಅಂತ ಘೋಷಿಸಿಕೊಂಡದ್ದೂ ಲುಬುಂಬಾಶಿಯಿಂದಲೇ. ದೇಶದ ಹೆಸರು ತಕ್ಷಣ ಹಿಂದಕ್ಕೆ ಬಂತು, ಪ್ರಾಂತ್ಯದ್ದೂ ಬಂತು. ಊರಿನ ಹೆಸರು ಬದಲಿಸಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ. ಅದು ಮೊಬುಟು ಹೆಸರು ಅಂತ ಯಾರೂ ಲೆಕ್ಕ ಹಾಕಿರಲಿಲ್ಲ.

2015ರಲ್ಲಿ ಕಟಾಂಗಾವನ್ನು ನಾಲ್ಕು ಹೋಳು ಮಾಡಿದರು. ಲುಬುಂಬಾಶಿ ಈಗ ಮೇಲಿನ ಕಟಾಂಗಾ ಪ್ರಾಂತ್ಯದ ರಾಜಧಾನಿ, 20 ಲಕ್ಷಕ್ಕೂ ಜಾಸ್ತಿ ಜನ. ಹಳೆಯ ಕಾರ್ಖಾನೆಯ ಎತ್ತರದ ಚಿಮಣಿ, ಅದರ ಪಕ್ಕದಲ್ಲಿ ದಶಕಗಳ ಕಾಲ ಸುರಿದ ಕಪ್ಪು ಕಿಟ್ಟದ ಗುಡ್ಡ, ಇವೆರಡೇ ಊರಿನ ಗುರುತು. ಊರಿನ ಚಿತ್ರಕಾರರು ಮತ್ತೆ ಮತ್ತೆ ಬರೆದದ್ದೂ ಅವನ್ನೇ. ಆ ಕಿಟ್ಟದಲ್ಲೂ ಕೋಬಾಲ್ಟ್ ಇದೆ ಅಂತ ಗೊತ್ತಾಗಿ 2000ದ ಆಸುಪಾಸಿನಿಂದ ಗುಡ್ಡವನ್ನೇ ಅಗೆದು ಮತ್ತೆ ಕರಗಿಸುತ್ತಿದ್ದಾರೆ.

ಇನ್ನು ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಹಳೆಯ ಹೆಸರು ಬಳಸಿದರೆ ವಸಾಹತುಶಾಹಿ ಪರ ಆಗುತ್ತದೇನೋ ಅಂತ ಹಿಂಜರಿದು "1961ರಲ್ಲಿ ಲುಬುಂಬಾಶಿಯಲ್ಲಿ ವಿಶ್ವಸಂಸ್ಥೆಯ ಕಾಳಗ" ಅಂತ ಬರೆಯುವವರಿದ್ದಾರೆ. ಬೇಡ. ಓದುವವರು ಆ ಹೆಸರು ಹಿಡಿದು ಆ ಕಾಲದ ಪತ್ರಿಕೆ, ಪತ್ರ, ಸ್ಟಾಂಪು ಹುಡುಕಿದರೆ ಏನೂ ಸಿಗಲ್ಲ. 1910ರಿಂದ 1966ರ ತನಕದ ಮಾತಾದರೆ ಎಲಿಜಬೆತ್‌ವಿಲ್ ಅಂತಲೇ ಬರೆಯಿರಿ, ಮೊದಲ ಸಲ ಬಂದಾಗ ಈಗಿನ ಹೆಸರನ್ನೂ ಹೇಳಿಬಿಡಿ. ಆದರೆ ಕುಲುಮೆಯ ಬಗ್ಗೆ ಬರೆಯುವಾಗ 1911ರದ್ದಾದರೂ ಲುಬುಂಬಾಶಿ ಕಾರ್ಖಾನೆ ಎಂದೇ ಬರೆಯಬೇಕು. ಮತ್ತೆ ಜಾಡೋವಿಲ್ ಮುತ್ತಿಗೆಯನ್ನು ಲಿಕಾಸಿ ಮುತ್ತಿಗೆ ಅಂತ ದಯವಿಟ್ಟು ಮಾಡಬೇಡಿ, ಹಾಗೆ ಬರೆದರೆ ಅದು ಯಾವ ಯುದ್ಧ ಅಂತ ಐರ್ಲೆಂಡಿನವರಿಗೂ ಗೊತ್ತಾಗಲ್ಲ.